ಹಿಮ್ಮುಖ ಚಲನೆ ಮತ್ತು ಅದರ ಕೈಪಿಡಿ: ಎಫ್‌ಎಫ್‌ಎಂಪೆಗ್‌ನ ರಿವರ್ಸ್ ಫಿಲ್ಟರ್ ಕುರಿತ ಒಂದು ಪರಿಶೀಲನೆ

1896ರಲ್ಲಿ ಲೂಯಿ ಲೂಮಿಯೇರ್ ಚಿತ್ರೀಕರಿಸಿದ, ಗೋಡೆಯೊಂದನ್ನು ಕೆಡಹುವ ಕಿರುಚಿತ್ರವನ್ನು ನೇರವಾಗಿ ತೋರಿಸಿದ ಬಳಿಕ ಹಿಮ್ಮುಖವಾಗಿಯೂ ಓಡಿಸಿ, ಧೂಳಿನೊಳಗಿಂದ ಗೋಡೆ ಮತ್ತೆ ಎದ್ದು ನಿಲ್ಲುವಂತೆ ಮಾಡಿದ್ದು ಚಲನಚಿತ್ರ ಚರಿತ್ರೆಯಲ್ಲಿ ಸುಪರಿಚಿತವಾದ ಸಂಗತಿ. ಸುರುಳಿಯ ಮೇಲಿನ ಪ್ರತಿಯೊಂದು ಫ್ರೇಮ್, ಅಂದರೆ ಚಲನೆಯ ಒಂದೊಂದು ಸ್ಥಿರಚಿತ್ರ, ನೆರೆಯ ಫ್ರೇಮಿನ ಹಂಗಿಲ್ಲದೆ ತಾನೇ ಪೂರ್ಣವಾಗಿರುತ್ತಿದ್ದುದರಿಂದ ಅಂದಿನ ತಂತ್ರಜ್ಞನಿಗೆ ಇದಕ್ಕಾಗಿ ಸುರುಳಿಯನ್ನು ತಿರುವುಮುರುವು ಓಡಿಸುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಸಂಕುಚಿತ ಡಿಜಿಟಲ್ ವಿಡಿಯೊದಲ್ಲಿ ಈ ಸ್ವಾತಂತ್ರ್ಯ ಉಳಿದಿಲ್ಲ. ಹಿಮ್ಮುಖಗೊಳಿಸುವ ಉಪಕರಣದ ಕೈಪಿಡಿ ಕೇವಲ ಕಮಾಂಡುಗಳ ಪಟ್ಟಿಯಾದರೆ ಸಾಲದೆ, ಉಪಕರಣವು ಏನನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ ಮತ್ತು ಏನನ್ನು ಕೆಡಿಸಬಲ್ಲದು ಎಂಬುದರ ದಾಖಲೆಯಾಗಬೇಕಾದುದು ಈ ಕಾರಣದಿಂದಲೇ.

2000ದಲ್ಲಿ ಫಾಬ್ರಿಸ್ ಬೆಲಾರ್ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶವು ಕಿಟಕಿ, ಗುಂಡಿಗಳಿಲ್ಲದೆ ಬರೆದ ಕಮಾಂಡುಗಳ ಮೂಲಕವೇ ಕೆಲಸ ಮಾಡುವುದರಿಂದ, ನೂರಾರು ಕ್ಲಿಪ್‌ಗಳನ್ನು ಮನುಷ್ಯರ ಕೈಸೋಕದೆ ಸಂಸ್ಕರಿಸುವ ಸ್ಕ್ರಿಪ್ಟುಗಳಿಗೆ, ಅಂದರೆ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಕಡತಗಳಿಗೆ, ಬುನಾದಿಯಾಗಿದೆ. ಇದರಲ್ಲಿ ಚಿತ್ರಕ್ಕೆ 'ರಿವರ್ಸ್', ಧ್ವನಿಗೆ 'ಎರಿವರ್ಸ್' ಎಂಬ ಎರಡು ಫಿಲ್ಟರ್‌ಗಳಿವೆ. ಅಧಿಕೃತ ಕೈಪಿಡಿಯಲ್ಲಿ ಇವುಗಳಿಗೆ ಮೀಸಲಾದ ಜಾಗ ತೀರ ಕಡಿಮೆ: ಇಡೀ ಕ್ಲಿಪ್ ಮೆಮೊರಿಯಲ್ಲಿ ಕೂಡಿಡಲ್ಪಡುವುದರಿಂದ ಮೊದಲೇ ಕತ್ತರಿಸಿಕೊಳ್ಳುವುದು ಲೇಸೆಂಬ ಎಚ್ಚರಿಕೆ, ಮತ್ತು ಮೊದಲ 5 ಸೆಕೆಂಡುಗಳನ್ನು 'ಟ್ರಿಮ್' ಫಿಲ್ಟರ್‌ನಿಂದ ಕತ್ತರಿಸಿ ತಿರುಗಿಸುವ ಒಂದು ಉದಾಹರಣೆ. ಬಳಕೆದಾರರು ಸಾಮಾನ್ಯವಾಗಿ ಉದಾಹರಣೆಯನ್ನು ನಕಲು ಮಾಡಿಕೊಂಡು ಎಚ್ಚರಿಕೆಯನ್ನು ದಾಟಿ ಹೋಗುತ್ತಾರಾದರೂ, ಆ ಪುಟದ ತಿರುಳು ಇರುವುದು ಎಚ್ಚರಿಕೆಯಲ್ಲಿಯೇ.

ಎಚ್.264ರಂಥ ಸಂಕೋಚನ ವಿಧಾನಗಳು ಎಲ್ಲ ಫ್ರೇಮುಗಳನ್ನೂ ಪೂರ್ಣವಾಗಿ ಉಳಿಸುವುದಿಲ್ಲ. ಅಲ್ಲಲ್ಲಿ ಒಂದು ಕೀಫ್ರೇಮನ್ನು, ಅಂದರೆ ಸ್ವಯಂಪೂರ್ಣ ಚಿತ್ರವನ್ನು, ಇಟ್ಟು, ನಡುವಿನವುಗಳನ್ನು ಬೇರೆ ಫ್ರೇಮುಗಳಿಗಿಂತ ಅವು ಹೇಗೆ ಭಿನ್ನವೆಂಬ ವಿವರವಾಗಿ ಮಾತ್ರ ಬರೆದುಕೊಳ್ಳುತ್ತವೆ. ಎಕ್ಸ್264 ಎಂಬ ಜನಪ್ರಿಯ ಎನ್‌ಕೋಡರ್‌ನ ಸಹಜ ಹೊಂದಿಕೆಯಲ್ಲಿ ಎರಡು ಕೀಫ್ರೇಮುಗಳ ಅಂತರ ಗರಿಷ್ಠ 250 ಫ್ರೇಮುಗಳು. ಸೆಕೆಂಡಿಗೆ 25 ಫ್ರೇಮುಗಳ ಲೆಕ್ಕದಲ್ಲಿ ಇದು 10 ಸೆಕೆಂಡು. ಕೊನೆಯ ಫ್ರೇಮನ್ನು ಮೊದಲು ತೋರಿಸಬೇಕಾದರೂ ಅದಕ್ಕಿಂತ ಹಿಂದಿನ ಕೀಫ್ರೇಮಿನಿಂದ ಬಿಡಿಸುತ್ತಾ ಬರಬೇಕಾಗುತ್ತದೆ. ಫಿಲ್ಟರ್ ಈ ತೊಡಕನ್ನು ನಿವಾರಿಸುವುದು ಅತ್ಯಂತ ಸರಳವಾದ, ಆದರೆ ದುಬಾರಿಯಾದ ಮಾರ್ಗದಿಂದ: ಬಿಡಿಸಿದ ಎಲ್ಲ ಫ್ರೇಮುಗಳನ್ನೂ ಕೊನೆಯವರೆಗೆ ಕೂಡಿಟ್ಟು, ಆಮೇಲೆ ಹಿಂದಿನಿಂದ ಹೊರಬಿಡುವುದು. 1920×1080 ಅಳತೆಯ, ಪ್ರತಿ ಚಿತ್ರಬಿಂದುವಿಗೆ ಸರಾಸರಿ 12 ಬಿಟ್ ಬೇಡುವ ಸಾಮಾನ್ಯ ವಿಡಿಯೊದ ಒಂದು ಫ್ರೇಮ್ 31,10,400 ಬೈಟ್ ಆಗುತ್ತದೆ. ಒಂದು ನಿಮಿಷಕ್ಕೆ ಸುಮಾರು 4.7 ಗಿಗಾಬೈಟ್, ಒಂದು ಗಂಟೆಗೆ ಸುಮಾರು 280 ಗಿಗಾಬೈಟ್. ಡಿಸ್ಕಿನ ಮೇಲೆ ಕಡತ ಎಷ್ಟೇ ಚಿಕ್ಕದಾಗಿದ್ದರೂ ಈ ಲೆಕ್ಕ ಬದಲಾಗದು, ಮತ್ತು ಈ ಅಂಕಿಗಳು ಕೈಪಿಡಿಯ ಮೊದಲ ಪುಟದಲ್ಲಿಯೇ ಇರತಕ್ಕವು.

ಇದಕ್ಕೆ ರೂಢಿಯಲ್ಲಿರುವ ಪರಿಹಾರವೆಂದರೆ ವಿಡಿಯೊವನ್ನು ಕೀಫ್ರೇಮುಗಳ ಗಡಿಯಲ್ಲಿ ತುಂಡರಿಸಿ, ಪ್ರತಿ ತುಂಡನ್ನೂ ಪ್ರತ್ಯೇಕವಾಗಿ ತಿರುಗಿಸಿ, ಕೊನೆಯದರಿಂದ ಮೊದಲಾಗಿ ಜೋಡಿಸುವುದು. ಇಲ್ಲಿ ಕ್ಷುಲ್ಲಕವೆನಿಸುವ ಒಂದು ಸಂಗತಿ ಇಡೀ ಕೆಲಸವನ್ನು ಕೆಡಿಸಬಲ್ಲದು: ತುಂಡುಗಳಿಗೆ 1, 2, 10 ಎಂದು ಹೆಸರಿಟ್ಟರೆ ಅಕ್ಷರಾನುಕ್ರಮದಲ್ಲಿ 10ನೆಯದು 2ನೆಯದಕ್ಕಿಂತ ಮುಂಚೆ ಬರುವುದರಿಂದ, 001, 002, 010 ಎಂಬಂತೆ ಸೊನ್ನೆ ತುಂಬಿ ಬರೆಯಬೇಕು. ಧ್ವನಿಯನ್ನು ಮಾತ್ರ ಹೀಗೆ ತುಂಡರಿಸುವುದು ಸಲ್ಲದು, ಏಕೆಂದರೆ ಎಎಸಿಯಂಥ ವಿಧಾನಗಳು ಧ್ವನಿಯನ್ನು ಸಾಮಾನ್ಯವಾಗಿ 1024 ಮಾದರಿಗಳ ಕಟ್ಟುಗಳಾಗಿ ಬರೆಯುವುದರಿಂದ, ಚಿತ್ರದ ಗಡಿ ಮತ್ತು ಧ್ವನಿಯ ಗಡಿ ಒಂದಾಗದೆ ಬೆಸುಗೆಯಲ್ಲಿ ಚಟ್ ಎಂಬ ಸದ್ದು ಉಳಿಯಬಹುದು. ಅದೃಷ್ಟಕ್ಕೆ ಧ್ವನಿಯ ಭಾರ ಬಹಳ ಹಗುರ: 48,000 ಹರ್ಟ್ಸ್‌ನ, 16 ಬಿಟ್‌ನ ಸ್ಟೀರಿಯೊ ಧ್ವನಿ ಗಂಟೆಗೆ ಸುಮಾರು 691 ಮೆಗಾಬೈಟ್ ಮಾತ್ರವಾಗಿದ್ದು, ಅದನ್ನು ಇಡಿಯಾಗಿಯೇ ತಿರುಗಿಸಬಹುದು.

ಇನ್ನೆರಡು ದೋಷಗಳು ಮೆಮೊರಿಗೆ ಸಂಬಂಧಿಸಿದವಲ್ಲ. ಮೊದಲನೆಯದು ಕಾಲಮುದ್ರೆಯದು, ಅಂದರೆ ಯಾವ ಫ್ರೇಮ್ ಯಾವ ಕ್ಷಣಕ್ಕೆ ಕಾಣಬೇಕೆಂದು ಕಡತದಲ್ಲಿ ಬರೆದ ಗುರುತಿನದು. ಮೊಬೈಲ್ ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮುಗಳ ವೇಗವನ್ನು ಬದಲಿಸುತ್ತಿದ್ದರೆ, ಹಳೆಯ ಮುದ್ರೆಗಳನ್ನು ಅದೇ ಕ್ರಮದಲ್ಲಿ ತಿರುಗಿದ ಫ್ರೇಮುಗಳಿಗೆ ಹಚ್ಚಿದಾಗ ದೀರ್ಘವಾಗಿ ನಿಲ್ಲಬೇಕಾದ ಫ್ರೇಮ್ ಬೇಗ ಸರಿದುಹೋಗುತ್ತದೆ. ವೇಗವನ್ನು ಮೊದಲೇ ಏಕರೂಪಗೊಳಿಸಿಕೊಳ್ಳುವುದು ಇದಕ್ಕೆ ಸುಲಭದ ದಾರಿ. ಎರಡನೆಯದು ಇಂಟರ್‌ಲೇಸ್ ವಿಡಿಯೊದ್ದು. ಭಾರತದಲ್ಲಿ ಚಾಲ್ತಿಯಲ್ಲಿದ್ದ ಪಾಲ್ ಪದ್ಧತಿಯ ಟೇಪುಗಳಿಂದ ಇಳಿಸಿಕೊಂಡ ಮದುವೆ, ನಾಟಕ, ಯಕ್ಷಗಾನಗಳ ಹಳೆಯ ಚಿತ್ರಣಗಳಲ್ಲಿ ಒಂದು ಫ್ರೇಮಿನ ಬೆಸ ಸಾಲುಗಳೂ ಸರಿ ಸಾಲುಗಳೂ ಸೆಕೆಂಡಿನ ಐವತ್ತರಲ್ಲೊಂದು ಭಾಗದ ಅಂತರದಲ್ಲಿ ಸೆರೆಯಾದವು. ಫ್ರೇಮುಗಳ ಸರದಿಯನ್ನಷ್ಟೇ ತಿರುಗಿಸಿ ಈ ಅರ್ಧಚಿತ್ರಗಳ ಸರದಿಯನ್ನು ಹಾಗೆಯೇ ಬಿಟ್ಟರೆ, ಚಲನೆ ಮೂರು ಹೆಜ್ಜೆ ಹಿಂದಿಟ್ಟು ಒಂದು ಹೆಜ್ಜೆ ಮುಂದಿಡುವಂತೆ ತುಯ್ದಾಡುತ್ತದೆ.

ಪರೀಕ್ಷೆಯ ವಿಚಾರದಲ್ಲಿ, ಎರಡು ಬಾರಿ ತಿರುಗಿಸಿದರೆ ಮೂಲವೇ ದೊರೆಯಬೇಕೆಂಬ ತರ್ಕ ಮೇಲುನೋಟಕ್ಕೆ ಆಕರ್ಷಕವಾಗಿದೆ. ಫಲಿತವನ್ನು 2021ರಲ್ಲಿ ಆರ್‌ಎಫ್‌ಸಿ 9043ರ ಮೂಲಕ ಪ್ರಕಟವಾದ, ಯಾವ ಮಾಹಿತಿಯನ್ನೂ ಕಳೆಯದ ಎಫ್‌ಎಫ್‌ವಿ1 ವಿಧಾನದಲ್ಲಿ ಉಳಿಸಿದರೆ, ಪ್ರತಿ ಫ್ರೇಮಿನ ಬೆರಳಚ್ಚನ್ನು 'ಫ್ರೇಮ್‌ಎಂಡಿ5' ಸೌಲಭ್ಯದಿಂದ ಪಡೆದು ತಾಳೆ ನೋಡಬಹುದು. ಆದರೆ ಈ ಪರೀಕ್ಷೆ ಬಿಟ್ಟುಹೋದ ಫ್ರೇಮನ್ನು ಹಿಡಿಯುತ್ತದೆಯೇ ಹೊರತು ಮೇಲಿನ ಎರಡು ದೋಷಗಳನ್ನು ಹಿಡಿಯುವುದಿಲ್ಲ, ಏಕೆಂದರೆ ಮೊದಲ ತಿರುವಿನಲ್ಲಿ ಹುಟ್ಟಿದ ತಪ್ಪನ್ನು ಎರಡನೆಯ ತಿರುವು ತಾನೇ ಅಳಿಸಿಬಿಡುತ್ತದೆ. ಆದ್ದರಿಂದ ಒಮ್ಮೆ ಮಾತ್ರ ತಿರುಗಿಸಿದ ಫಲಿತದ ಬೆರಳಚ್ಚುಗಳನ್ನೂ ಫ್ರೇಮುಗಳ ಅವಧಿಗಳನ್ನೂ ಮೂಲದ ಪಟ್ಟಿಯ ತಳದಿಂದ ಮೇಲಕ್ಕೆ ಹೋಲಿಸುವ ಕ್ರಮವನ್ನು ಕೈಪಿಡಿ ಸೂಚಿಸಬೇಕು. ಹೀಗೆ ಮಾಡಿದಾಗ ಅವಧಿಯ ದೋಷ ಬಯಲಾಗುತ್ತದೆ; ಅರ್ಧಚಿತ್ರಗಳ ಸರದಿಯ ದೋಷ ಆಗಲೂ ಬಯಲಾಗದು. ಅದಕ್ಕಾಗಿ, ಕ್ಯಾಮೆರಾ ಒಂದೇ ದಿಕ್ಕಿಗೆ ನಿಧಾನವಾಗಿ ತಿರುಗುವ ಒಂದು ಇಂಟರ್‌ಲೇಸ್ ಕ್ಲಿಪ್ಪನ್ನು ಪರೀಕ್ಷಾ ಸಾಮಗ್ರಿಯೊಂದಿಗೆ ಇರಿಸಿ, ಅದನ್ನು ಕಣ್ಣಿನಿಂದಲೇ ನೋಡಿ ತೀರ್ಮಾನಿಸಬೇಕೆಂದು ಸ್ಪಷ್ಟವಾಗಿ ಬರೆಯಬೇಕಾಗುತ್ತದೆ.