ಸೇರಿದ್ದೋ, ಒಂದಾದದ್ದೋ?

ಮೊನ್ನೆ ಸಂಜೆ ಅಲ್ಲಾಳಸಂದ್ರದ ನಮ್ಮ ಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದೆ. ಪಕ್ಕದಲ್ಲಿ ಪರೀಕ್ಷೆಗೆ ಓದುತ್ತಿದ್ದ ಮೊಮ್ಮಗ ತಲೆಯೆತ್ತಿ, "ಅಜ್ಜಿ, ಆಸ್ಟ್ರಿಯಾದವರೂ ಜರ್ಮನ್ ಮಾತಾಡ್ತಾರೆ, ಪ್ರಷ್ಯಾದವರೂ ಜರ್ಮನ್ ಮಾತಾಡ್ತಾರೆ. ಮತ್ತೆ ಯಾಕೆ ಜಗಳ?" ಎಂದ. ನನಗೆ ನಗು ಬಂತು. ಧಾರವಾಡದಿಂದ ಸೊಸೆಯಾಗಿ ಈ ಊರಿಗೆ ಬಂದವಳನ್ನು ಕೇಳಬೇಕಾದ ಪ್ರಶ್ನೆಯೇ ಅದು!

ಇವರು ಧಾರವಾಡದ ಕೃಷಿ ಕಾಲೇಜಿನಲ್ಲಿ ಓದುವಾಗ ಎರಡು ಮನೆಗಳಿಗೆ ಪರಿಚಯವಾಗಿ, 1971ರಲ್ಲಿ ನಮ್ಮ ಮದುವೆಯಾಯಿತು. ಆಗ ಇಲ್ಲಿ ಕೆರೆಯ ಸುತ್ತ ರಾಗಿ ಹೊಲ, ದ್ರಾಕ್ಷಿ ತೋಟ. ಅತ್ತೆಗೂ ನನಗೂ ಕನ್ನಡವೇ. ಆದರೂ ನಾನು 'ಉಳ್ಳಾಗಡ್ಡಿ' ಎಂದರೆ ಅವರು 'ಈರುಳ್ಳಿ' ಎಂದು ತಿದ್ದುವರು. 'ಕಸಬರಿಗೆ' ಕೇಳಿದರೆ ಮುಖ ನೋಡುವರು. ಜೋಳದ ರೊಟ್ಟಿ ತಟ್ಟಿದರೆ, "ಒಲೆ ಮುಂದೆ ತಮಟೆ ಬಡೀಬೇಡ ಕಣಮ್ಮ" ಎನ್ನುವರು. ಒಮ್ಮೆ ಸಿಟ್ಟಿನಲ್ಲಿ, "ನಿಮ್ಮ ಕಡೆಯವರು ಬಂದು ನಮ್ಮ ರಾಜ್ಯಕ್ಕೆ ಸೇರ್ಕೊಂಡ್ರಿ" ಎಂದುಬಿಟ್ಟರು. ಆ ಮಾತು ಬಹಳ ದಿನ ಚುಚ್ಚಿತು.

ಜರ್ಮನ್ನರದೂ ಮನೆಯ ಯಜಮಾನಿಕೆಯ ಜಗಳವೇ. 1815ರಲ್ಲಿ 39 ಸಂಸ್ಥಾನಗಳು ಒಕ್ಕೂಟವಾದಾಗ ಹಿರಿತನ ಆಸ್ಟ್ರಿಯಾದ್ದು. 1834ರಲ್ಲಿ ಪ್ರಷ್ಯಾ ತನ್ನದೇ ಸುಂಕದ ಕೂಟ ಕಟ್ಟಿತು. ಅದರಲ್ಲಿ ಆಸ್ಟ್ರಿಯಾಕ್ಕೆ ಜಾಗವಿಲ್ಲ. 1866ರಲ್ಲಿ ಬಿಸ್ಮಾರ್ಕನ ಪ್ರಷ್ಯಾ ಯುದ್ಧದಲ್ಲಿ ಆಸ್ಟ್ರಿಯಾವನ್ನು ಸೋಲಿಸಿತು. 1871ರಲ್ಲಿ ಪ್ರಷ್ಯಾದ ದೊರೆಯೇ ಜರ್ಮನಿಯ ಚಕ್ರವರ್ತಿಯಾದ. ಮನೆ ಒಂದಾಯಿತು, ಹಿರಿಯಣ್ಣ ಹೊರಗುಳಿದ.

ನಮ್ಮಲ್ಲಿ ಕನ್ನಡಿಗರ ಮೇಲೆ ಕನ್ನಡಿಗರು ದಂಡೆತ್ತಿ ಹೋಗಲಿಲ್ಲ. ಆದರೆ ಅನುಮಾನಕ್ಕೇನೂ ಕಡಿಮೆ ಇರಲಿಲ್ಲ. ಸ್ವಾತಂತ್ರ್ಯ ಬಂದಾಗ ನಾವು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಐದು ಪಾಲಾಗಿದ್ದೆವು. ಧಾರವಾಡದ ಕಡೆ ಆಲೂರ ವೆಂಕಟರಾಯರ ಕಾಲದಿಂದ ಒಂದಾಗುವ ಹಂಬಲ. ಮೈಸೂರಿನ ಹಲವರ ಲೆಕ್ಕವೇ ಬೇರೆ. ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಾರ್ಖಾನೆ ಇದ್ದ ರಾಜ್ಯ ಅದು. ಬಡ ಜಿಲ್ಲೆಗಳು ಸೇರಿದರೆ ನಮ್ಮ ಹಣ ಅತ್ತ ಹರಿದೀತು, ಅಧಿಕಾರ ಒಕ್ಕಲಿಗರ ಕೈತಪ್ಪಿ ಲಿಂಗಾಯತರಿಗೆ ಹೋದೀತು ಎಂಬ ಭಯ. ಎರಡು ಕನ್ನಡ ರಾಜ್ಯಗಳೇ ಇರಲಿ ಎಂದವರೂ ಇದ್ದರು.

ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಾವೇ ಒಕ್ಕಲಿಗರು. ಆದರೂ ತಮ್ಮವರ ವಿರೋಧ ಕಟ್ಟಿಕೊಂಡು ಏಕೀಕರಣದ ಪರ ನಿಂತರು. 1956ರ ಆಗಸ್ಟ್‌ನಲ್ಲಿ ಅವರ ಅಧಿಕಾರ ಹೋಯಿತು. ನವೆಂಬರ್ 1ರಂದು ನಾಡು ಒಂದಾಯಿತು. ನಿಜಲಿಂಗಪ್ಪನವರು ಮುಖ್ಯಮಂತ್ರಿ, ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು ರಾಜ್ಯಪಾಲರು. ಪ್ರಷ್ಯಾ ಗೆದ್ದು ಕಟ್ಟಿದ ಮನೆಯನ್ನು ಮೈಸೂರು ಬಿಟ್ಟುಕೊಟ್ಟು ಕಟ್ಟಿತು ಎನ್ನಬೇಕು. ಆದರೆ ಹೆಸರು ಮಾತ್ರ ಮೈಸೂರು ರಾಜ್ಯವೆಂದೇ ಉಳಿಯಿತು. "ನಾವು ಬರೇ ಸೇರಿದವರವ್ವಾ, ಇನ್ನೂ ಒಂದಾಗಿಲ್ಲ" ಎನ್ನುತ್ತಿದ್ದರು ನಮ್ಮ ಅಪ್ಪ.

ಹದಿನೇಳು ವರ್ಷ ಕಳೆದು, ದೇವರಾಜ ಅರಸರ ಕಾಲದಲ್ಲಿ, 1973ರ ನವೆಂಬರ್ 1ರಂದು ನಾಡು 'ಕರ್ನಾಟಕ'ವಾಯಿತು. ರೇಡಿಯೋದಲ್ಲಿ ಸುದ್ದಿ ಕೇಳಿ ನನಗೆ ಗೆದ್ದ ಹಿಗ್ಗು. ಅತ್ತೆಯತ್ತ ತಿರುಗಿದೆ. "ನಮ್ಮ ಮೈಸೂರಿನ ಹೆಸರೇ ಹೋಯ್ತಲ್ಲಮ್ಮ" ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರಿಗೂ ಕಳೆದುಕೊಳ್ಳುವಂಥದ್ದು ಏನಾದರೂ ಇದ್ದೀತೆಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಮಾರನೇ ದಿನ ಮೊದಲ ಸಲ ನಾನೇ ಮುದ್ದೆ ಕೋಲು ಹಿಡಿದೆ. ಬರೀ ಗಂಟು. ಅತ್ತೆ ಬೈಯಲಿಲ್ಲ, ಪಕ್ಕ ಕೂತು ಕೋಲಿಗೆ ಕೈ ಕೊಟ್ಟರು.

ಹಾಗೆಂದು ಎಲ್ಲ ಸರಿಹೋಯಿತೆನ್ನಲಾರೆ. 2002ರ ನಂಜುಂಡಪ್ಪ ವರದಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ತೀರ ಹಿಂದುಳಿದವುಗಳಲ್ಲಿ ಹೆಚ್ಚಿನವು ಉತ್ತರದವು. ತವರಿಗೆ ಹೋದಾಗ ತಮ್ಮ ಅದನ್ನೇ ಎತ್ತಿ ಆಡುತ್ತಾನೆ. ನನ್ನಲ್ಲಿ ಉತ್ತರವಿಲ್ಲ.

"ಹಾಗಾದ್ರೆ ಅಜ್ಜಿ, ನೀನು ಪ್ರಷ್ಯಾನೋ ಆಸ್ಟ್ರಿಯಾನೋ?" ಎಂದ ಮೊಮ್ಮಗ.

"ಅದಿರಲಿ, ಎರಡು ಉಳ್ಳಾಗಡ್ಡಿ ತಗೊಂಡು ಬಾ" ಎಂದೆ. ಯಾವುದೆಂದು ಕೇಳದೆ ತಂದುಕೊಟ್ಟ.