ಮಾಗಡಿ ಕೆರೆಯ ಅತಿಥಿಗಳು ಮತ್ತು ಮಳೆಯ ಲೆಕ್ಕ

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಇತಿಹಾಸವೆಂದರೆ ನಾವು ಸಾಮಾನ್ಯವಾಗಿ ಬರಗಾಲದ ಕಥೆಯನ್ನೇ ಓದುತ್ತೇವೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಕಾಣುವ ಸೀಮೆಗೆ ಅದು ಸಹಜವೇ. ಆದರೆ ಮಳೆ ಮಿತಿಮೀರಿದ ವರ್ಷಗಳಿಗೂ ಒಂದು ಇತಿಹಾಸವಿದೆ. ಅದರಲ್ಲಿ ರೈತರ ಜೊತೆಗೆ ಹಕ್ಕಿಗಳಿಗೂ ಪಾಲಿದೆ.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಸ್ವಾತಂತ್ರ್ಯಕ್ಕೆ ಮೊದಲು ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿತ್ತು. 1997ರಲ್ಲಿ ಗದಗ ಜಿಲ್ಲೆಯಾಯಿತು. ಮನುಷ್ಯರ ಗಡಿಗಳು ಹೀಗೆ ಬದಲಾದವು. ಹಕ್ಕಿಗಳು ಮಾತ್ರ ನೀರನ್ನಷ್ಟೇ ನೋಡುತ್ತವೆ.

ಅತಿವೃಷ್ಟಿ ಅವುಗಳಿಗೆ ಒಳ್ಳೆಯದೋ ಕೆಟ್ಟದ್ದೋ? ಉತ್ತರ ಸರಳವಲ್ಲ. ಹಿಮಾಲಯವನ್ನು 7,000 ಮೀಟರಿಗೂ ಮೇಲೆ ದಾಟಬಲ್ಲ ಈ ಹಕ್ಕಿ ಗಾಳಿ ಶಾಂತವಾಗಿರುವ ರಾತ್ರಿ ಮತ್ತು ಮುಂಜಾನೆಯನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಬಿರುಗಾಳಿ ಎದುರಾದರೆ ದಾರಿ ತಡವಾಗುತ್ತದೆ, ಮೈಯ ಕೊಬ್ಬು ಬೇಗ ಕರಗುತ್ತದೆ. ಇಳಿದ ಮೇಲೆ ಕೆರೆ ತುಂಬಿ ತುಳುಕುತ್ತಿದ್ದರೆ ಕುಳಿತು ವಿಶ್ರಮಿಸುವ ಬಯಲು ದಂಡೆ ಮುಳುಗಿರುತ್ತದೆ. ಕೆಸರಿನಲ್ಲಿ ಆಹಾರ ಹುಡುಕುವ ಉಲ್ಲಂಕಿಗಳಿಗಂತೂ ಆಳದ ನೀರು ಪ್ರಯೋಜನಕ್ಕೆ ಬಾರದು.

ಇನ್ನೊಂದು ಮುಖವೂ ಇದೆ. ಬರಗಾಲದಲ್ಲಿ ನೀರುಳಿದ ಒಂದೆರಡು ಕೆರೆಗಳಲ್ಲೇ ಹಕ್ಕಿಗಳು ಗುಂಪುಗೂಡುತ್ತವೆ. ಮಳೆಗಾಲ ಚೆನ್ನಾಗಿದ್ದರೆ ಊರೂರಿನ ಕೆರೆ, ಹೊಂಡ, ತುಂಗಭದ್ರೆಯ ಹಿನ್ನೀರುಗಳಿಗೆ ಹಂಚಿಹೋಗುತ್ತವೆ. ಒಂದೇ ಕೆರೆಯಲ್ಲಿ ನಿಂತು ಎಣಿಸಿದವರಿಗೆ ಆಗ ಸಂಖ್ಯೆ ಕುಸಿದಂತೆ ತೋರುತ್ತದೆ. ಹಕ್ಕಿ ಕಡಿಮೆಯಾಯಿತೇ, ಚದುರಿತೇ ಎಂಬುದನ್ನು ಸುತ್ತಲಿನ ಕೆರೆಗಳನ್ನೂ ನೋಡಿದ ಮೇಲೆಯೇ ಹೇಳಬೇಕು.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಹಾಮಳೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು, ಲಕ್ಷಾಂತರ ಎಕರೆ ಬೆಳೆಯನ್ನು ನುಂಗಿತು. ಹೆಬ್ಬಾತುಗಳು ಹೊಟ್ಟೆ ಹೊರೆಯುವುದು ಕೆರೆಯ ಮೀನಿನಿಂದಲ್ಲ, ಹೊಲದ ಹುಲ್ಲು, ಕಾಳು, ಎಳೆಯ ಪೈರಿನಿಂದ. ಮಳೆ ಬಿಟ್ಟುಹೋದ ಅಲ್ಪ ಬೆಳೆಯಲ್ಲೂ ಪಾಲು ಕೇಳುವ ಅತಿಥಿಯನ್ನು ಸಹಿಸಿಕೊಳ್ಳುವುದು ರೈತನಿಗೆ ಸಣ್ಣ ತ್ಯಾಗವಲ್ಲ.

2024ರ ಜನವರಿಯಲ್ಲಿ ಮಾಗಡಿ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು. ಇದು ಹೆಮ್ಮೆಯ ಸಂಗತಿ. ಆದರೆ ಫಲಕ ನೆಟ್ಟರೆ ಕೆಲಸ ಮುಗಿಯದು. ಅಕ್ಕಪಕ್ಕದ ಸಣ್ಣ ಕೆರೆಗಳು ಉಳಿಯಬೇಕು, ಬೆಳೆ ಕಳೆದುಕೊಂಡವನಿಗೆ ಪರಿಹಾರ ಸಿಗಬೇಕು. ಅತಿಥಿಯನ್ನು ಸತ್ಕರಿಸಿದ ಪುಣ್ಯ ಊರಿಗೆಲ್ಲ, ಖರ್ಚು ಮಾತ್ರ ಒಬ್ಬ ರೈತನಿಗೆ ಎಂದಾಗಬಾರದು.