ಕಲಿಸಲು ಬಂದವರು ಕಲಿತದ್ದು

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ನನ್ನ ಎದುರಿನ ಸೀಟಿಗೆ ಇಬ್ಬರು ಹುಡುಗರು ಬಂದು ಕುಳಿತರು. ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರು ಬರೆದ ಕಪ್ಪು ಪಟ್ಟಿ. ಇಬ್ಬರಿಗೂ ಇಪ್ಪತ್ತರ ಆಸುಪಾಸು. ಅವರಲ್ಲೊಬ್ಬ ನನ್ನತ್ತ ತಿರುಗಿ, ಬಾಯಿಪಾಠ ಮಾಡಿದವನಂತೆ, "ನಮಸ್ಕಾರ ಸರ್, ಹೇಗಿದ್ದೀರಿ?" ಎಂದ. "ಚೆನ್ನಾಗಿದ್ದೀನಪ್ಪ, ನಿನ್ನ ಊರು ಯಾವುದು?" ಎಂದೆ. ಅವನ ಮುಖ ಕೆಂಪಾಯಿತು. ಅವನ ಬಳಿಯಿದ್ದ ಕನ್ನಡವೆಲ್ಲ ಆ ಒಂದು ವಾಕ್ಯದಲ್ಲೇ ಮುಗಿದುಹೋಗಿತ್ತು.

ಆ ಮುಖ ನೋಡಿ ನನಗೆ ನನ್ನ ಬಾಲ್ಯ ನೆನಪಾಯಿತು. ಕಲಬುರಗಿಯ ಶಹಾಬಜಾರದ ಓಣಿಯಲ್ಲಿ ಬೆಳೆದ ನಾನು ಮೊದಲು ಉರ್ದು ಶಾಲೆಗೆ ಹೋದವನು. ಆಮೇಲೆ ಅಬ್ಬಾ ನನ್ನನ್ನು ಕನ್ನಡ ಶಾಲೆಗೆ ಸೇರಿಸಿದರು. ಮೊದಲ ದಿನ ಮಾಸ್ತರರು ಏನೋ ಕೇಳಿದರು, ನಾನೇನೋ ಹೇಳಿದೆ, ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಮನೆಯಿಂದ ಅರ್ಧ ಮೈಲು ದೂರದಲ್ಲಿದ್ದ ಆ ಕೋಣೆ ನನಗೆ ಪರದೇಶವಾಗಿತ್ತು. ಹೀಗಿರುವಾಗ ನಿಜವಾಗಿಯೂ ಪರದೇಶಕ್ಕೆ, ಅದೂ ಧರ್ಮದ ಮಾತನ್ನು ಹೇಳಲು ಹೊರಟ ಎಳೆಯನ ಗತಿ ಏನಿರಬೇಕು?

ಬಸ್ಸಿನಲ್ಲಿದ್ದವರು ಮಾರ್ಮನ್ ಪಂಥದ ಹುಡುಗರು. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಪಂಥವದು. ಅದರ ತರುಣರು ಓದು, ಉದ್ಯೋಗಗಳನ್ನು ಬದಿಗಿಟ್ಟು ಎರಡು ವರ್ಷ ಸಂಬಳವಿಲ್ಲದೆ ಧರ್ಮಪ್ರಚಾರ ಮಾಡುವುದು ರೂಢಿ. ಹುಡುಗರಿಗೆ ಇದ್ದ 19ರ ವಯೋಮಿತಿಯನ್ನು 2012ರಲ್ಲಿ 18ಕ್ಕೆ ಇಳಿಸಲಾಯಿತು. ಇಬ್ಬಿಬ್ಬರಾಗಿಯೇ ತಿರುಗಬೇಕು, ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗಬೇಕು. ಬೆಂಗಳೂರಿನಲ್ಲಿ ಅವರ ಮಿಷನ್ ಆರಂಭವಾದದ್ದು 1993ರಲ್ಲಿ.

ಆದರೆ ಅವರ ಹಿರಿಯರು ಹಿಂದೂಸ್ತಾನಕ್ಕೆ ಬಂದದ್ದು ಅದಕ್ಕೂ ಬಹಳ ಹಿಂದೆ. 1853ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಹಡಗು ಹತ್ತಿದ ಹದಿಮೂರು ಮಾರ್ಮನ್ನರು ಏಪ್ರಿಲ್‌ನಲ್ಲಿ ಕಲ್ಕತ್ತೆಗೆ ಬಂದಿಳಿದರು. ಅವರಲ್ಲಿ ರಿಚರ್ಡ್ ಬ್ಯಾಲಂಟೈನ್ ಮತ್ತು ಜೊತೆಗಾರರು ಮದರಾಸಿಗೆ ಹೋದರು. ಕೈಯಲ್ಲಿ ಕಾಸಿಲ್ಲ, ಪರಿಚಯದವರಿಲ್ಲ. ಒಬ್ಬಿಬ್ಬರು ಇಲ್ಲಿಯ ಭಾಷೆ ಕಲಿಯಲು ಕುಳಿತದ್ದೂ ಉಂಟು. ಆದರೆ ಅವರ ಪ್ರಚಾರ ಹೆಚ್ಚಾಗಿ ಇಂಗ್ಲಿಷ್ ಬಲ್ಲ ಸಿಪಾಯಿಗಳು, ಯೂರೋಪಿಯನ್ನರ ನಡುವೆಯೇ ನಡೆಯಿತು. ಬ್ಯಾಲಂಟೈನ್ ಒಂದು ವರ್ಷ ಇದ್ದು ಹಿಂದಿರುಗಿದ. 1856ರ ಹೊತ್ತಿಗೆ ಬಹುತೇಕ ಎಲ್ಲರೂ ಹೊರಟುಹೋಗಿದ್ದರು.

ಅದೇ 1853ರಲ್ಲಿ ನಮ್ಮ ಇನ್ನೊಂದು ಕಡಲತೀರದ ಮಂಗಳೂರಿಗೆ ಇಪ್ಪತ್ತೊಂದು ವರ್ಷದ ಒಬ್ಬ ಜರ್ಮನ್ ತರುಣ ಬಂದಿಳಿದ. ಅವನು ಬಂದದ್ದೂ ಧರ್ಮಪ್ರಚಾರಕ್ಕೇ. ಅವನ ಹೆಸರು ಫರ್ಡಿನಾಂಡ್ ಕಿಟೆಲ್.

ಕಿಟೆಲ್ ಎಂದರೆ ನಮಗೆ ನೆನಪಾಗುವುದು ನೀಳ ಗಡ್ಡದ ವೃದ್ಧ ಮತ್ತು ಕೈಯಲ್ಲಿ ಎತ್ತಲಾರದಷ್ಟು ಭಾರದ ನಿಘಂಟು. ನಿಘಂಟಿನ ಹಿಂದಿನ ಆ ಹುಡುಗನನ್ನು ನಾವು ಮರೆತಿದ್ದೇವೆ. ಅವರು ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ಉತ್ತರದ ತುದಿಯಲ್ಲಿರುವ ಪೂರ್ವ ಫ್ರೀಸ್‌ಲ್ಯಾಂಡ್‌ನ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. 1850ರಲ್ಲಿ ಹದಿನೆಂಟರ ಹುಡುಗ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ ಶಾಲೆ ಸೇರಿದ. ಮೂರು ವರ್ಷಗಳಲ್ಲಿ ಹಡಗು ಹತ್ತಿದ. ಆಗ ಸೂಯೆಜ್ ಕಾಲುವೆ ಇರಲಿಲ್ಲ, ಅದು ತೆರೆದದ್ದು 1869ರಲ್ಲಿ. ಮನೆಗೆ ಬರೆದ ಕಾಗದಕ್ಕೆ ಉತ್ತರ ಬರಲು ತಿಂಗಳುಗಟ್ಟಲೆ ಕಾಯಬೇಕಿದ್ದ ಕಾಲವದು.

ಬಾಸೆಲ್ ಮಿಷನ್ನಿನವರಿಗೆ ಇಲ್ಲಿ ಬಾಗಿಲು ತೆರೆದದ್ದು 1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು ನವೀಕರಣಗೊಂಡು, ಬ್ರಿಟಿಷರಲ್ಲದ ಮಿಷನರಿಗಳಿಗೂ ಅವಕಾಶ ಸಿಕ್ಕ ಮೇಲೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೊಗ್ಲಿಂಗ್ ಬಂದರು. ಸಂಘದ ನಿಯಮಗಳು ಬಿಗಿ. ತರುಣ ಮಿಷನರಿ ಮೊದಲ ಕೆಲವು ವರ್ಷ ಮದುವೆಯಾಗುವಂತಿರಲಿಲ್ಲ. ಆಮೇಲೆ ಆಗಬೇಕೆಂದರೂ ಬಾಸೆಲ್ಲಿನ ಹಿರಿಯರ ಒಪ್ಪಿಗೆ ಬೇಕು. ಮದುಮಗಳು ಊರಿನಿಂದ ಹಡಗಿನಲ್ಲಿ ಬರಬೇಕು.

ಮಂಗಳೂರಿಗೆ ಬಂದಿಳಿದವನಿಗೆ ಮೊದಲ ಪೆಟ್ಟು ಕೊಡುತ್ತಿದ್ದುದು ಭಾಷೆ. ಓಣಿಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಬಂದರದಲ್ಲಿ ಬ್ಯಾರಿ, ಕಚೇರಿಯಲ್ಲಿ ಕನ್ನಡ. ಘಟ್ಟ ಹತ್ತಿ ಧಾರವಾಡಕ್ಕೆ ಹೋದರೆ ಕರಾವಳಿಯಲ್ಲಿ ಕಲಿತ ಕನ್ನಡ ಅಲ್ಲಿ ಪರಕೀಯ. ಕೈಯಲ್ಲಿ ಬಳ್ಳಾರಿಯ ಮಿಷನರಿ ವಿಲಿಯಂ ರೀವ್ 1832ರಲ್ಲಿ ಪ್ರಕಟಿಸಿದ್ದ ಕನ್ನಡ-ಇಂಗ್ಲಿಷ್ ನಿಘಂಟಿತ್ತು. ಆದರೆ ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಮಾತಾಡಬೇಕಾದ ಪ್ರಚಾರಕನಿಗೆ ನಿಘಂಟು ಸಾಲದು. ಅವನ 'ಪಾಪ' ಎಂಬ ಮಾತು ಕೇಳುವವರಿಗೆ ಬೇರೆಯೇ ಆಗಿ ಕೇಳಿಸುತ್ತದೆ. ಇಲ್ಲಿ ಎಡವಿ ಬಿದ್ದ ಮಗುವನ್ನು ಕಂಡರೂ 'ಪಾಪ' ಎನ್ನುತ್ತೇವೆ. 'ದೇವರ ಮಗ' ಎಂದರೆ ಹಳ್ಳಿಯವರಿಗೆ ತಮ್ಮ ನೂರು ಕತೆಗಳು ನೆನಪಾಗುತ್ತವೆ, ಸಾಬರ ಓಣಿಯಲ್ಲಿ ಅದೇ ಮಾತಿಗೆ ಹುಬ್ಬು ಗಂಟಿಕ್ಕುತ್ತದೆ. ಒಂದು ಪದವನ್ನು ಬಳಸುವ ಮೊದಲು ಅದರ ಮನೆತನವನ್ನು ತಿಳಿಯಬೇಕು.

ತರುಣ ಕಿಟೆಲ್ ಹಿಡಿದ ದಾರಿ ಇದು. ಕನ್ನಡಿಗರ ನಡುವೆ ಕನ್ನಡಿಗನಂತೆ ಬಾಳಬೇಕೆಂಬ ಹಂಬಲ ಅವರದು. ಕಾಲ್ನಡಿಗೆಯಲ್ಲೇ ಊರೂರು ತಿರುಗಿದರು. ಮಿಷನ್ ಬಂಗಲೆಯ ಗೋಡೆಯ ಆಚೆಗಿನ ಬದುಕು ಬೇಕೆಂದರು. ಹಿರಿಯ ಮಿಷನರಿಗಳಿಗೆ ಇದು ಸರಿಬರಲಿಲ್ಲ. ಹೊಸಬ ಹೇಳಿದಂತೆ ಕೇಳಿಕೊಂಡಿರಬೇಕಲ್ಲವೇ? ಮೊದಲ ವರ್ಷಗಳಲ್ಲಿ ಅವರು ಅನುಭವಿಸಿದ ಒಂಟಿತನಕ್ಕೆ ಪರದೇಶವೊಂದೇ ಕಾರಣವಲ್ಲ, ಸ್ವಂತ ಜನರ ಅಸಮಾಧಾನವೂ ಕಾರಣ. ಅಷ್ಟರಲ್ಲಿ 1857 ಬಂತು. ಹಲಗಲಿಯ ಬೇಡರು ಎದ್ದರು. 1858ರಲ್ಲಿ ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾವ್ ಎದ್ದರು. ಬಾಸೆಲ್ಲಿನವರು ಜರ್ಮನರೋ ಸ್ವಿಸ್ಸರೋ ಇರಬಹುದು, ಕಂಪೆನಿ ಸರಕಾರಕ್ಕೂ ಅವರಿಗೂ ಇರುವ ಅಂತರವನ್ನು ಹಳ್ಳಿಯ ಕಣ್ಣು ಹೇಗೆ ಅಳೆಯಬೇಕು? ಬಿಳಿ ಚರ್ಮವೆಂದರೆ ಬಿಳಿ ಚರ್ಮ.

ಧರ್ಮವನ್ನು ಹಂಚಿಕೊಳ್ಳುವುದು ಎಂದರೆ ಕೇಳಲು ಸಿಹಿಯಾದ ಮಾತು. ಹೇಳುವವನಿಗೆ ಅದು ಪ್ರೀತಿ. ಆದರೆ ಕೇಳಿದವನ ಮನೆಯಲ್ಲಿ ಏನಾಗುತ್ತದೆ ಎಂಬುದೂ ಚರಿತ್ರೆಯೇ. 1844ರಲ್ಲಿ ಮಂಗಳೂರಿನಲ್ಲಿ ಮೊಗ್ಲಿಂಗರ ಪ್ರಭಾವದಿಂದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ಕ್ರೈಸ್ತನಾದ. ಅವನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಪಟ್ಟಣದಲ್ಲಿ ದೊಡ್ಡ ಗಲಭೆಯಾಯಿತು. ಮನೆತನ ಅವನನ್ನು ಕಳೆದುಕೊಂಡಿತು, ಅವನು ಮನೆತನವನ್ನು ಕಳೆದುಕೊಂಡ. ಕೈಹಿಡಿದ ಹೆಂಡತಿ ಅವನ ಹಿಂದೆ ಹೋಗಲಿಲ್ಲ. ಅವನು ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದ. ಅವನ ನಂಬಿಕೆ ಪ್ರಾಮಾಣಿಕವಾದದ್ದು. ಆದರೆ ಕತೆಗಾರನಾದ ನನ್ನ ಮನಸ್ಸು ಹೊಸ್ತಿಲಲ್ಲಿ ನಿಂತುಹೋದ ಆ ಹೆಣ್ಣುಮಗಳ ಕಡೆಗೇ ಹೋಗುತ್ತದೆ.

ಹಾಗೆಂದು ಕತೆ ಅಲ್ಲಿಗೇ ಮುಗಿಯುವುದಿಲ್ಲ. ಕರಾವಳಿಯಲ್ಲಿ ಮಿಷನ್ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ಅವರಿಗೆ ಅಲ್ಲಿ ಸಿಕ್ಕಿದ್ದು ದೇವರ ಮಾತಷ್ಟೇ ಅಲ್ಲ, ಅಕ್ಷರ ಮತ್ತು ತಲೆಯೆತ್ತಿ ನಡೆಯುವ ಧೈರ್ಯ. ಜಾತಿ ಬಿಟ್ಟವರಿಗೆ ಕುಲಕಸುಬು ತಪ್ಪಿ ಹೊಟ್ಟೆಪಾಡಿನ ಪ್ರಶ್ನೆ ಬಂದಾಗ ಮಿಷನ್ ನೇಯ್ಗೆಯ ಕಾರ್ಖಾನೆ ತೆರೆಯಿತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ನಮ್ಮ ಎಷ್ಟೋ ಮನೆಗಳ ಮೇಲಿರುವ ಮಂಗಳೂರು ಹೆಂಚಿನ ಮೂಲ ಅದು. ಒಂದೇ ಘಟನೆ ಒಂದು ಮನೆಯ ಸೂರು ಕಿತ್ತಿತು, ಇನ್ನೊಂದು ಮನೆಗೆ ಸೂರು ಕೊಟ್ಟಿತು. ಚರಿತ್ರೆ ಬರೆಯುವವರು ಎರಡನ್ನೂ ಬರೆಯಬೇಕು.

1860ರಲ್ಲಿ ಕಿಟೆಲ್ ಪೌಲೀನ್ ಐಥ್ ಅವರನ್ನು ಮದುವೆಯಾದರು. ನಾಲ್ಕೇ ವರ್ಷದಲ್ಲಿ, 1864ರಲ್ಲಿ, ಆಕೆ ತೀರಿಕೊಂಡರು. ಮುಂದೆ 1867ರಲ್ಲಿ ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. ಈ ನಡುವೆ, 1862ರಲ್ಲಿ, ಕಿಟೆಲ್ ಒಂದು ವಿಶೇಷದ ಕೆಲಸ ಮಾಡಿದ್ದರು. ಯೇಸುವಿನ ಜೀವನವನ್ನು ಇಲ್ಲಿಯ ಛಂದಸ್ಸಿನಲ್ಲಿ, ಕನ್ನಡ ಕಾವ್ಯದ ಧಾಟಿಯಲ್ಲಿ 'ಕಥಾಮಾಲೆ' ಎಂದು ಬರೆದು ಪ್ರಕಟಿಸಿದರು. ತನ್ನ ದೇವರ ಕತೆಯನ್ನು ಕನ್ನಡದ ಲಯದಲ್ಲಿ ಹೇಳಬೇಕೆಂದರೆ ಮೊದಲು ಆ ಲಯಕ್ಕೆ ಕಿವಿ ಕೊಡಬೇಕು. ಕಿವಿ ಕೊಟ್ಟವರು ಮತ್ತೆ ಹಿಂದಿರುಗಲಿಲ್ಲ. ತಾಳೆಗರಿ ಹುಡುಕಿದರು, ಪಂಡಿತರ ಮುಂದೆ ಶಿಷ್ಯನಂತೆ ಕುಳಿತರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ ಅವರ ಸಂಪಾದನೆಯಲ್ಲಿ ಬಂದವು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಆಗ ಅವರು ಜರ್ಮನಿಗೆ ಮರಳಿಯಾಗಿತ್ತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಕನ್ನಡ ವ್ಯಾಕರಣದ ಪುಸ್ತಕ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಆ ನಿಘಂಟನ್ನು ನಾನು ಮೊದಲು ತೆರೆದಾಗ ಹುಡುಕಿದ್ದು ಹಳಗನ್ನಡದ ಪದಗಳನ್ನಲ್ಲ, ನನ್ನ ಮನೆಯ ಪದಗಳನ್ನು. ಅರ್ಜಿ, ವಕೀಲ, ಜಮೀನಿನಂಥ ಅರಬ್ಬಿ-ಫಾರಸಿ ಮೂಲದ ಮಾತುಗಳು ಹಿಂದೂಸ್ತಾನಿಯ ಮೂಲಕ ಕನ್ನಡಕ್ಕೆ ಬಂದವು. ಕಿಟೆಲ್ ಇಂಥವುಗಳನ್ನು ಹೊರಗಿಡಲಿಲ್ಲ. ಎಲ್ಲಿಂದ ಬಂದವೆಂದು ಗುರುತು ಹಾಕಿ, ಉಳಿದ ಕನ್ನಡ ಪದಗಳ ಸಾಲಿನಲ್ಲೇ ಕೂರಿಸಿದರು. ಎಲ್ಲಿಂದಲೋ ಬಂದ ಒಬ್ಬನು, ಎಲ್ಲಿಂದಲೋ ಬಂದ ಪದವನ್ನು, 'ಇದೂ ಈ ಮನೆಯದೇ' ಎಂದು ದಾಖಲಿಸಿದ. ಶಾಲೆಯಲ್ಲಿ ನಗೆಗೀಡಾದ ಹುಡುಗನಿಗೆ ಅದರಿಂದ ಎಷ್ಟು ಸಮಾಧಾನವಾಯಿತೆಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ.

ಕೃತಜ್ಞತೆಯಲ್ಲಿ ನಾವು ಸತ್ಯವನ್ನು ಮರೆಯಬಾರದು. ಕಿಟೆಲ್ ತಮ್ಮ ಧರ್ಮವೇ ಸತ್ಯವೆಂದು ನಂಬಿ ಬಂದವರು, ಕೊನೆಯವರೆಗೂ ಹಾಗೆಯೇ ನಂಬಿದವರು. ಇಲ್ಲಿಯ ಯಜ್ಞ, ಪೂಜೆಗಳ ಬಗ್ಗೆ ಅವರು ಬರೆದದ್ದರಲ್ಲಿ ಪಾಂಡಿತ್ಯದ ಜೊತೆಗೆ ಪ್ರಚಾರಕನ ವಾದವೂ ಇದೆ. ಅವರನ್ನು ನಮ್ಮವರನ್ನಾಗಿ ಮಾಡಿಕೊಳ್ಳುವ ಭರದಲ್ಲಿ ಪಾದ್ರಿಯನ್ನು ಅಳಿಸಿ ಪಂಡಿತನನ್ನಷ್ಟೇ ಉಳಿಸಿಕೊಳ್ಳುವುದು ಅನ್ಯಾಯ. ಪಾದ್ರಿಯ ಹಂಬಲವಿಲ್ಲದೆ ಆ ಪಂಡಿತ ಹುಟ್ಟುತ್ತಿರಲಿಲ್ಲ. ಹಾಗೆಯೇ ಪಾದ್ರಿಯನ್ನಷ್ಟೇ ಕಂಡು ಸಂಶಯದಿಂದ ನೋಡುವುದೂ ಅನ್ಯಾಯ. ಮತಾಂತರದ ವಿಷಯದಲ್ಲಿ ಕರ್ನಾಟಕ 2022ರಲ್ಲಿ ಕಾಯಿದೆ ಮಾಡಿತು, 2023ರಲ್ಲಿ ಹೊಸ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಈ ಗದ್ದಲದಲ್ಲಿ ಧರ್ಮದ ಮಾತು ಹೇಳುವವನೆಂದರೆ ಬರೀ ವಂಚಕ ಅಥವಾ ಬರೀ ಸಂತ, ಇವೆರಡೇ ಚಿತ್ರಗಳು ಉಳಿದಿವೆ. ಮೂರನೆಯ ಚಿತ್ರವೊಂದಿದೆ: ಹೇಳಲು ಬಂದು ಕೇಳಲು ಕುಳಿತವನದು.

ಈ ಚಿತ್ರ ನಮ್ಮ ನೆಲಕ್ಕೆ ಹೊಸದೇನಲ್ಲ. ನಮ್ಮ ಕಲಬುರಗಿಗೆ ಖ್ವಾಜಾ ಬಂದೇನವಾಜರು ದಿಲ್ಲಿಯಿಂದ ಬಂದದ್ದು ಸುಮಾರು 1400ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ. ಅವರ ನಂತರದ ದಖ್ಖನಿನ ಸೂಫಿಗಳು ಬರೀ ಫಾರಸಿಯಲ್ಲಿ ಕೂರದೆ ಜನರ ದಖನಿಯಲ್ಲಿ ಹಾಡಿದರು. ವಿಜಾಪುರದ ಸೂಫಿ ಪರಂಪರೆಯ ಚಕ್ಕಿನಾಮಾಗಳು ಹೆಂಗಸರ ಬೀಸುವ ಕಲ್ಲಿನ ಲಯದಲ್ಲೇ ದೇವರ ಹೆಸರನ್ನು ಹೇಳಿದವು. ಇನ್ನು ಧಾರವಾಡ ಸೀಮೆಯಲ್ಲಿ ಕಿಟೆಲ್ ತಿರುಗುತ್ತಿದ್ದ ಕಾಲದಲ್ಲೇ ಶಿಶುನಾಳದ ಶರೀಫ ಸಾಹೇಬರು (1819-1889) ಗೋವಿಂದ ಭಟ್ಟರ ಶಿಷ್ಯರಾಗಿ ಕನ್ನಡದಲ್ಲಿ ತತ್ವಪದ ಕಟ್ಟುತ್ತಿದ್ದರು. ಅವರು ಯಾರನ್ನೂ ಯಾವ ಧರ್ಮಕ್ಕೂ ಕರೆಯಲಿಲ್ಲ, ಆದರೆ ಅವರ ಪದ ಹೋಗದ ಓಣಿಯಿಲ್ಲ. ಜನರ ನಾಲಿಗೆಯ ಮೇಲೆ ಉಳಿಯಬೇಕಾದ ಮಾತು ಆ ಜನರ ನಾಲಿಗೆಯಿಂದಲೇ ಹುಟ್ಟಬೇಕೆಂಬುದನ್ನು ಇವರೆಲ್ಲ ಬೇರೆ ಬೇರೆ ದಾರಿಯಲ್ಲಿ ಕಂಡುಕೊಂಡರು.

ನಮ್ಮ ಶಹಾಬಜಾರದಲ್ಲೂ ರಜೆಯ ದಿನಗಳಲ್ಲಿ ಜಮಾತಿನ ಹುಡುಗರು ಹೆಗಲಿಗೆ ಹಾಸಿಗೆ ಸುತ್ತಿಕೊಂಡು ಬರುತ್ತಾರೆ, ಬಾಗಿಲು ಬಾಗಿಲಿಗೆ ಸಲಾಂ ಹೇಳುತ್ತಾರೆ. ಅವರ ಮುಖದಲ್ಲೂ ಬಸ್ಸಿನ ಆ ಹುಡುಗನ ಅದೇ ಸಂಕೋಚ, ಅದೇ ಹುರುಪು. ಅವರಿಗೆ ಹೇಳಬೇಕೆನಿಸುತ್ತದೆ: ಮಕ್ಕಳೇ, ಹೇಳುವುದನ್ನು ಹೇಳಿ. ಆದರೆ ಬಾಗಿಲು ತೆರೆದವರ ಮಾತನ್ನೂ ಕೇಳಿಸಿಕೊಂಡು ಹೋಗಿ.

ಬಸ್ಸಿನಲ್ಲಿ ಆ ಹುಡುಗರ ಸ್ಟಾಪ್ ಬಂತು. ಎದ್ದು ನಿಂತ ಹುಡುಗ ಎಲ್ಲಿಂದಲೋ ನೆನಪು ಮಾಡಿಕೊಂಡು, "ಹೋಗ್ತೀನಿ ಸರ್" ಎಂದ. ಪಕ್ಕದಲ್ಲಿ ಸೊಪ್ಪಿನ ಚೀಲ ಹಿಡಿದು ಕುಳಿತಿದ್ದ ಮುದುಕಿ ತಟ್ಟನೆ, "ಹೋಗ್ತೀನಿ ಅನ್ನಬಾರದು ಮಗಾ, ಬರ್ತೀನಿ ಅನ್ನು" ಎಂದಳು. ಅವನಿಗೆ ಅರ್ಥವಾಗಲಿಲ್ಲ. ಆದರೂ ಆಕೆಯ ತುಟಿಯನ್ನೇ ನೋಡಿ, "ಬರ್ತೀನಿ" ಎಂದು ಹೇಳಿ ಇಳಿದುಹೋದ.